ಹಿಂದಿನ ಗೇಟಿಗೆ ಐವತ್ತು ಜನ

ದೊಡ್ಡಾಸ್ಪತ್ರೆಯ ನೆಲಮಾಳಿಗೆಯಲ್ಲಿ ಇಪ್ಪತ್ತಾರು ವರ್ಷ ಆವಿಯ ಇಸ್ತ್ರಿ ಯಂತ್ರದ ಮುಂದೆ ನಿಂತ ಹೆಂಗಸಿಗೆ ಆವಿಯಕ್ಕ ಎಂಬ ಹೆಸರು ಬಿದ್ದದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಆಶ್ಚರ್ಯವೆಂದರೆ ಆ ಹೆಸರು ಲಿಫ್ಟು ಹತ್ತಿ ಏಳನೇ ಮಹಡಿಯ ತನಕ ಹೋದದ್ದು. ಆಪರೇಷನ್ ಕೋಣೆಯಲ್ಲಿ ಹಸಿರು ಬಟ್ಟೆ ಕಡಿಮೆ ಬಿತ್ತೆಂದರೆ ದೊಡ್ಡ ಡಾಕ್ಟರು ಸ್ಟೋರಿಗೆ ಫೋನು ಮಾಡುತ್ತಿರಲಿಲ್ಲ, ಆವಿಯಕ್ಕನಿಗೆ ಒಂದು ಮಾತು ತಿಳಿಸಿ ಎನ್ನುತ್ತಿದ್ದರು. ತಿಳಿಸಿದ ಕಾಲು ಗಂಟೆಗೆ ಬಟ್ಟೆ ಬರುತ್ತಿತ್ತು, ಅಂಚಿಗೆ ಅಂಚು ಕೂಡಿ, ಇನ್ನೂ ಬೆಚ್ಚಗೆ.

ಆಳು ಕುಳ್ಳಿ, ಗಟ್ಟಿಮುಟ್ಟು. ಮೊಣಕೈಯಿಂದ ಕೆಳಗೆ ಎರಡೂ ಕೈಮೇಲೆ ಹಳೆಯ ಸುಟ್ಟ ಗೆರೆಗಳು, ಸ್ಕೇಲಿನಲ್ಲಿ ಎಳೆದ ಹಾಗೆ ನೇರ. ಕಣ್ಣು ಮುಚ್ಚಿ ಒಂದು ಹಾಸುಬಟ್ಟೆಯನ್ನು ಕೈಗೆ ಕೊಟ್ಟರೆ ಅದು ಯಾವ ವಾರ್ಡಿನದೆಂದು ಹೇಳಬಲ್ಲಳು. ಹೆರಿಗೆ ವಾರ್ಡಿನದು ಒಗೆದೊಗೆದು ಮೆತ್ತಗಾಗಿರುತ್ತದೆ. ಮೂಳೆ ವಾರ್ಡಿನದು ನಡುವೆ ಸವೆದಿರುತ್ತದೆ, ಏಕೆಂದರೆ ಅಲ್ಲಿ ಮಲಗಿದವರು ತಿಂಗಳುಗಟ್ಟಲೆ ಮಗ್ಗುಲು ಬದಲಿಸುವುದಿಲ್ಲ. ಮಕ್ಕಳ ವಾರ್ಡಿನದಾದರೆ ಅಂಚು ಜಗಿದಿರುತ್ತದೆ. ಈ ವಿದ್ಯೆಗೆ ಯಾವ ಸರ್ಟಿಫಿಕೇಟೂ ಇಲ್ಲ. ಅದರ ಬಗ್ಗೆ ಅವಳಿಗೆ ಬೇಸರವೂ ಇರಲಿಲ್ಲ. ತನಗೇನು ಗೊತ್ತು ಎಂಬುದು ಗೊತ್ತಿದ್ದವಳು ಅವಳು, ಅಷ್ಟೇ.

ಅಂಥವಳ ನೆಲಮಾಳಿಗೆಯ ಗೋಡೆಗೆ ಒಂದು ಗುರುವಾರ ನೋಟೀಸು ಅಂಟಿತು. ಆಸ್ಪತ್ರೆಯ ಬಟ್ಟೆಯನ್ನೆಲ್ಲ ಇನ್ನು ಮುಂದೆ ಹೊರಗಿನ ಕಂಪನಿಯೊಂದು ಒಗೆದು ಕೊಡಲಿದೆ, ಬರುವ ವಾರದಾಚೆಯ ಮಂಗಳವಾರ ಒಂದು ದಿನದ ಪ್ರಯೋಗ, ಬೆಳಿಗ್ಗೆ ಆರಕ್ಕೆ ಹಿಂದಿನ ಗೇಟಿನಿಂದ ಲಾರಿ ಬಂದು ಬಟ್ಟೆ ಒಯ್ಯುತ್ತದೆ, ಬುಧವಾರ ಆಡಳಿತ ಮಂಡಳಿ ಸೇರಿ ಪ್ರಯೋಗದ ವರದಿ ನೋಡಿ ತೀರ್ಮಾನ ಮಾಡುತ್ತದೆ. ತೀರ್ಮಾನ ಏನಿರುತ್ತದೆ ಎಂಬುದು ನೋಟೀಸು ಬರೆದವನಿಗೂ ಗೊತ್ತಿತ್ತು, ಓದಿದ ಮೂವತ್ತೆಂಟು ಹೆಂಗಸರಿಗೂ ಗೊತ್ತಿತ್ತು. ಲಾಂಡ್ರಿ ಮುಚ್ಚಿದರೆ ಮೂವತ್ತೆಂಟು ಜನರೂ ಮನೆಗೆ.

ಆಸ್ಪತ್ರೆಯ ನೌಕರರ ಸಂಘದವರು ಸುಮ್ಮನೆ ಕೂರಲಿಲ್ಲ. ಮನವಿ ಪತ್ರ ಬರೆದರು, ಕಚೇರಿಗೆ ಕೊಟ್ಟರು, ತಲುಪಿದೆ ಎಂದು ಮೊಹರು ಹಾಕಿಸಿಕೊಂಡು ಬಂದರು, ಆ ಮೊಹರನ್ನೇ ಎಲ್ಲರಿಗೂ ತೋರಿಸಿ ಒಳ್ಳೆಯದಾಗುತ್ತದೆ ಎಂದರು. ಆವಿಯಕ್ಕ ಮೊಹರನ್ನು ನೋಡಿದಳು, ಚೆನ್ನಾಗಿ ಬಿದ್ದಿದೆ ಎಂದಳು, ಮತ್ತೆ ಯಂತ್ರಕ್ಕೆ ಮುಖ ಮಾಡಿದಳು. ಅವಳ ತಲೆಯಲ್ಲಿ ಆಗಲೇ ಬೇರೊಂದು ಲೆಕ್ಕ ಓಡುತ್ತಿತ್ತು. ಲಾರಿ ಒಳಗೆ ಬರದಿದ್ದರೆ ಪ್ರಯೋಗವಿಲ್ಲ. ಪ್ರಯೋಗವಿಲ್ಲದಿದ್ದರೆ ವರದಿಯಿಲ್ಲ. ಲಾರಿ ಬರದ ಹಾಗೆ ಗೇಟಿನಲ್ಲಿ ಜನ ನಿಲ್ಲಬೇಕು. ಆದರೆ ತಾವು ನಿಲ್ಲುವಂತಿಲ್ಲ. ತಮ್ಮ ಪಾಳಿ ಐದಕ್ಕೇ ಶುರು. ಕೆಲಸದ ಹೊತ್ತಿನಲ್ಲಿ ಜಾಗ ಬಿಟ್ಟರೆ ಅದೇ ನೆಪ ಸಾಕು, ಕೈಗೆ ಕಾಗದ ಕೊಟ್ಟು ಕಳಿಸುತ್ತಾರೆ. ಅಲ್ಲದೆ ತಾವು ಒಳಗಿದ್ದು ಒಗೆಯದಿದ್ದರೆ ಎಂಟುನೂರು ಹಾಸಿಗೆಗೆ ಹಾಸುಬಟ್ಟೆ ಎಲ್ಲಿಂದ ಬರಬೇಕು? ಹಾಗಾಗಿ ಒಳಗೆ ತಾವು, ಹೊರಗೆ ಬೇರೆಯವರು. ಹಿಂದಿನ ಗೇಟಿಗೆ ಐವತ್ತು ಜನ ಬೇಕು.

ಐವತ್ತು ಜನರನ್ನು ಎಲ್ಲಿಂದ ತರುವುದು ಎಂಬ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಒಂದು ಬಿಳಿ ಕೋಟಿನ ಜೇಬಿನಲ್ಲಿ. ಲಾಂಡ್ರಿಯಲ್ಲಿ ಜೇಬು ನೋಡದೆ ಬಟ್ಟೆ ಹಾಕುವುದು ಮಹಾಪರಾಧ, ಒಂದು ಪೆನ್ನು ಉಳಿದರೆ ನೂರು ಹಾಸುಬಟ್ಟೆ ನೀಲಿಯಾಗುತ್ತವೆ. ಯಾರೋ ಎಳೆಯ ಡಾಕ್ಟರನ ಕೋಟಿನಿಂದ ನಾಲ್ಕು ಮಡಿಕೆಯ ಕರಪತ್ರ ಹೊರಬಂತು. ವ್ಯವಸ್ಥೆಯನ್ನು ಬುಡದಿಂದಲೇ ಬದಲಾಯಿಸಬೇಕು ಎನ್ನುವ ಹೋರಾಟಗಾರರ ಸಮಾವೇಶ, ಶನಿವಾರ ಮತ್ತು ಭಾನುವಾರ, ಯಾರು ಬೇಕಾದರೂ ಗೊತ್ತುವಳಿ ಮಂಡಿಸಬಹುದು ಎಂದಿತ್ತು. 'ಯಾರು ಬೇಕಾದರೂ' ಎಂಬುದನ್ನು ಆವಿಯಕ್ಕ ಎರಡು ಸಲ ಓದಿದಳು. ಅವತ್ತೇ ಎರಡು ಸಾಲಿನ ಗೊತ್ತುವಳಿ ಬರೆದಳು. ದೊಡ್ಡಾಸ್ಪತ್ರೆಯ ಲಾಂಡ್ರಿಯನ್ನು ಉಳಿಸಲು ಮಂಗಳವಾರ ಬೆಳಿಗ್ಗೆ ಆರಕ್ಕೆ ಹಿಂದಿನ ಗೇಟಿನಲ್ಲಿ ಐವತ್ತು ಜನ ಬಂದು ನಿಲ್ಲತಕ್ಕದ್ದು. ಇಷ್ಟೇ. ಕರಪತ್ರದಲ್ಲಿದ್ದ ವಿಳಾಸಕ್ಕೆ ತಾನೇ ಹೋಗಿ ಕೊಟ್ಟು ಬಂದಳು.

ಮನೆಯಲ್ಲಿ ಗಂಡನಿಗೆ ಹೇಳಿದಾಗ, ನೀರು ಸರಬರಾಜಿನಲ್ಲಿ ವಾಲ್ವು ತಿರುಗಿಸುವ ಆ ಮನುಷ್ಯ, ಅಲ್ಲಿಯವರು ಬಹಳ ಮಾತಾಡುತ್ತಾರಂತೆ, ಅಂತೂ ನಿನ್ನ ಬಾಯಿಗೆ ಸರಿಸಮಾನರು ಸಿಕ್ಕಿದರು ಎಂದ. ಹೆಂಡತಿಯ ಮೇಲೆ ಅವನಿಗಿದ್ದ ನಂಬಿಕೆಯನ್ನು ಅವನು ಯಾವಾಗಲೂ ಇದೇ ಧಾಟಿಯಲ್ಲಿ ಹೇಳುತ್ತಿದ್ದ. ಜೊತೆಗೆ ತನ್ನ ತಂಗಿಯನ್ನೂ ಕರೆದುಕೊಂಡು ಹೋಗು ಎಂದ. ಆ ನಾದಿನಿ ಲಾಂಡ್ರಿಯಲ್ಲೇ ಬಟ್ಟೆ ಮಡಚುವ ಮೇಜಿನಲ್ಲಿದ್ದವಳು. ಅವಳ ಕೈಗಿಂತ ಬಾಯಿ ಚುರುಕು, ಕೈಯೇನೂ ನಿಧಾನವಲ್ಲ.

ಸಮಾವೇಶ ನಡೆದದ್ದು ಒಂದು ಪ್ರಾಥಮಿಕ ಶಾಲೆಯಲ್ಲಿ. ವಾರದ ಕೊನೆಗೆ ಅಗ್ಗಕ್ಕೆ ಸಿಗುವ ಕಟ್ಟಡ ಅದೊಂದೇ. ಬಾಗಿಲಲ್ಲಿ ನೇರಳೆ ಕನ್ನಡಕದ ಹುಡುಗಿಯೊಬ್ಬಳು ಎದೆಗೆ ಚುಚ್ಚಿಕೊಳ್ಳುವ ಚೀಟಿ ಕೊಡುತ್ತಿದ್ದಳು. ಅದರಲ್ಲಿ ಸಂಘಟನೆ ಎಂಬ ಜಾಗದಲ್ಲಿ ಆವಿಯಕ್ಕ 'ಲಾಂಡ್ರಿ' ಎಂದು ಬರೆದಳು. ಹುಡುಗಿ ಅದನ್ನು ಗೌರವದಿಂದ ಓದಿ, ಇದು ಹೊಸದಾಗಿ ಕಟ್ಟಿದ್ದಾ ಎಂದು ಕೇಳಿದಳು. ಇಲ್ಲಮ್ಮ, ಆಸ್ಪತ್ರೆ ಕಟ್ಟಿದಾಗಲೇ ಕಟ್ಟಿದ್ದು ಎಂದಳು ಆವಿಯಕ್ಕ.

ಒಳಗೆ ಏಳೆಂಟು ವರ್ಷದ ಮಕ್ಕಳ ಅಳತೆಗೆ ಮಾಡಿದ ಬೆಂಚುಗಳು. ವ್ಯವಸ್ಥೆಯನ್ನು ಬುಡಮೇಲು ಮಾಡಲು ಬಂದವರೆಲ್ಲ ಮೊಣಕಾಲು ಕಿವಿಗೆ ತಾಗಿಸಿಕೊಂಡು ಕೂತಿದ್ದರು. ಮೂರನೇ ತರಗತಿ ಬಿ ವಿಭಾಗದಲ್ಲಿ ಖಾಸಗೀಕರಣದ ಗೋಷ್ಠಿ. ಕರಿಹಲಗೆಯ ಮೇಲೆ ಬಂಡವಾಳ, ಶ್ರಮ, ಪ್ರಭುತ್ವ ಎಂದು ಬಾಣ ಹಾಕಿ ಬರೆದಿದ್ದರು, ಪಕ್ಕದ ಗೋಡೆಯಲ್ಲಿ ಊಟಕ್ಕೆ ಮೊದಲು ಕೈ ತೊಳೆಯಿರಿ ಎಂಬ ಚಿತ್ರಪಟ. ನಾದಿನಿ ಎರಡನ್ನೂ ಓದಿ, ಎರಡನೆಯದು ಬೇಗ ಅರ್ಥವಾಗುತ್ತದೆ ಎಂದು ಅತ್ತಿಗೆಯ ಕಿವಿಯಲ್ಲಿ ಹೇಳಿದಳು.

ಆದರೆ ಆವಿಯಕ್ಕನಿಗೆ ಮೊದಲನೆಯದೂ ಅರ್ಥವಾಯಿತು. ಮಾತಾಡಿದ್ದು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಕಲಿಸುವ ಹೆಂಗಸು, ನಲವತ್ತರ ಹತ್ತಿರದವಳು, ಎಲ್ಲರೂ ಲೆಕ್ಚರರ್ ಎಂದೇ ಕರೆಯುತ್ತಿದ್ದರು. ಸರ್ಕಾರ ತನ್ನ ಕೆಲಸಗಳನ್ನು ಒಂದೊಂದಾಗಿ ಹೇಗೆ ಕಳಚಿ ಕಂಪನಿಗಳ ಕೈಗೆ ಕೊಡುತ್ತದೆ, ಮೊದಲು ಕಾವಲುಗಾರ, ಆಮೇಲೆ ಅಡುಗೆಮನೆ, ಆಮೇಲೆ ಬಟ್ಟೆ ಎಂದು ಅವಳು ಹೇಳುತ್ತಿದ್ದಾಗ ಆವಿಯಕ್ಕ ತಲೆಯಾಡಿಸುತ್ತಲೇ ಇದ್ದಳು. ಆಸ್ಪತ್ರೆಯಲ್ಲಿ ಆದದ್ದು ಇದೇ ಸಾಲಿನಲ್ಲಿ. ಒಂದು ಸುಕ್ಕಿಲ್ಲದ ಮಾತು. ಇಷ್ಟು ಸರಿಯಾಗಿ ತಿಳಿದವರು ಜೊತೆಗೆ ನಿಂತರೆ ಲಾರಿ ಯಾವ ಲೆಕ್ಕ ಎಂದುಕೊಂಡಳು. ಮಧ್ಯಾಹ್ನದ ಮೇಲೆ 'ಆಗ್ರಹಿಸುತ್ತದೆ' ಎನ್ನಬೇಕೋ 'ಒತ್ತಾಯಿಸುತ್ತದೆ' ಎನ್ನಬೇಕೋ ಎಂದು ನಲವತ್ತು ನಿಮಿಷ ಚರ್ಚೆ ನಡೆದಾಗ ನಾದಿನಿ ನಿದ್ದೆ ಹೋದಳು. ಆವಿಯಕ್ಕ ಎಬ್ಬಿಸಲಿಲ್ಲ.

ಭಾನುವಾರ ಬೆಳಿಗ್ಗೆ ಗೊತ್ತುವಳಿಗಳ ಕರಡು ಪ್ರತಿ ಎಲ್ಲರ ಕೈಗೂ ಬಂತು. ಆವಿಯಕ್ಕ ಬೆರಳಿಟ್ಟು ಹುಡುಕಿದಳು. ಮೊದಲ ಪುಟ, ಎರಡನೇ ಪುಟ, ಹಿಂಬದಿ. ನಾಲ್ಕನೇ ಗೊತ್ತುವಳಿ ಒಂದೇ ಎರಡು ಪುಟ ಉದ್ದ. 'ಆರೋಗ್ಯ, ಸಾರಿಗೆ, ನೈರ್ಮಲ್ಯವನ್ನು ಒಳಗೊಂಡಂತೆ ಎಲ್ಲ ಸಾರ್ವಜನಿಕ ಸೇವೆಗಳ ಖಾಸಗೀಕರಣವನ್ನು ಈ ಸಮಾವೇಶವು ಬಲವಾಗಿ ವಿರೋಧಿಸುತ್ತದೆ' ಎಂದು ಅದು ಶುರುವಾಗಿ, ಬಲವಾಗಿಯೇ ಮುಗಿಯುತ್ತಿತ್ತು. ಲಾಂಡ್ರಿ ಇಲ್ಲ. ಗೇಟು ಇಲ್ಲ. ಮಂಗಳವಾರವೇ ಇಲ್ಲ.

"ನಾವೆಲ್ಲಿ ಅತ್ತಿಗೆ?" ಎಂದಳು ನಾದಿನಿ.

"ಈ 'ಒಳಗೊಂಡಂತೆ' ಇದೆಯಲ್ಲ, ಅದರೊಳಗೆ ಇದ್ದೀವಿ," ಎಂದಳು ಆವಿಯಕ್ಕ.

ಇದಕ್ಕೊಂದು ಹಿನ್ನೆಲೆಯಿತ್ತು. ಹತ್ತೊಂಬತ್ತು ವರ್ಷದ ಹಿಂದೆ ಇದೇ ಸಮಾವೇಶದಲ್ಲಿ ಹನ್ನೊಂದು ಗೊತ್ತುವಳಿಗಳು ಒಂದಕ್ಕೊಂದು ಡಿಕ್ಕಿ ಹೊಡೆದು, ಯಾರದು ಗೆದ್ದಿತು ಯಾರದು ಸೋತಿತು ಎಂದು ಜಗಳವಾಗಿ, ಅರ್ಧ ಜನ ಎದ್ದು ಹೋಗಿದ್ದರು. ಆ ಗಾಯ ಇನ್ನೊಮ್ಮೆ ಆಗಬಾರದೆಂದು ಅವತ್ತಿನಿಂದ ಕರಡು ಸಮಿತಿ ಒಂದು ಪದ್ಧತಿ ಮಾಡಿಕೊಂಡಿತ್ತು. ಒಂದೇ ಜಾತಿಯ ಗೊತ್ತುವಳಿಗಳನ್ನೆಲ್ಲ ಕೂಡಿಸಿ ಒಂದೇ ಮಾಡುವುದು. ಹೀಗೆ ಮಾಡಿದರೆ ಯಾರೂ ಸೋಲುವುದಿಲ್ಲ. ಮತಕ್ಕೆ ಹಾಕುವ ಮೊದಲು, ಯಾರದನ್ನು ಕೂಡಿಸಲಾಗಿದೆಯೋ ಅವರು ಒಬ್ಬೊಬ್ಬರಾಗಿ ಎದ್ದು, ಕೂಡಿಸಿದ್ದಕ್ಕೆ ಒಪ್ಪಿಗೆ ಇದೆ ಎನ್ನಬೇಕು. ಶಾಲೆಯಲ್ಲಿ ಹಾಜರಿ ಕೂಗಿದ ಹಾಗೆ. ಹತ್ತೊಂಬತ್ತು ವರ್ಷದಲ್ಲಿ ಒಬ್ಬರೂ ಇಲ್ಲ ಎಂದಿರಲಿಲ್ಲ. ಆಮೇಲೆ ಎಲ್ಲರೂ ಕೈ ಎತ್ತುತ್ತಿದ್ದರು, ಸರ್ವಾನುಮತ ಎಂದು ಬರೆದುಕೊಳ್ಳುತ್ತಿದ್ದರು, ಚಪ್ಪಾಳೆ ತಟ್ಟುತ್ತಿದ್ದರು. ಅಷ್ಟು ಒಳ್ಳೆಯ ಜನ, ಯಾರನ್ನೂ ನೋಯಿಸಬಾರದೆಂಬ ಅಷ್ಟು ಕಾಳಜಿಯಿಂದ, ಯಾರೂ ಏನೂ ಮಾಡಬೇಕಾಗಿಲ್ಲದಂಥ ಗೊತ್ತುವಳಿಯನ್ನು ಪ್ರತಿವರ್ಷ ಸರ್ವಾನುಮತದಿಂದ ಹೊರಡಿಸುತ್ತಿದ್ದರು.

ಚಹಾದ ಬಿಡುವಿನಲ್ಲಿ ಆವಿಯಕ್ಕ ನೇರವಾಗಿ ಲೆಕ್ಚರರ್ ಹತ್ತಿರ ಹೋದಳು. ಕರಡು ಸಮಿತಿಯ ಸಂಚಾಲಕಿ ಅವಳೇ. ಇಡೀ ರಾತ್ರಿ ಕೂತು ಕೂಡಿಸಿದ ಆಯಾಸ ಮುಖದಲ್ಲಿತ್ತು, ಆದರೂ ಎದ್ದು ನಿಂತು ಮಾತಾಡಿದಳು. ನಿಮ್ಮದನ್ನು ಬಿಟ್ಟಿಲ್ಲ, ದೊಡ್ಡದು ಮಾಡಿದ್ದೇವೆ ಎಂದಳು. ಒಂದು ಆಸ್ಪತ್ರೆಯ ಪ್ರಶ್ನೆ ಈಗ ಎಲ್ಲ ಆಸ್ಪತ್ರೆಗಳ ಪ್ರಶ್ನೆಯಾಗಿದೆ ಎಂದಳು. ಅದು ನಿಜವೂ ಆಗಿತ್ತು.

"ದೊಡ್ಡದಾಯ್ತು, ಸಂತೋಷ," ಎಂದಳು ಆವಿಯಕ್ಕ. "ಮಂಗಳವಾರ ಆರು ಗಂಟೆಗೆ ಯಾರು ಬರ್ತಾರೆ?"

ಅದನ್ನು ಕಾರ್ಯಸಮಿತಿ ತನ್ನ ಮುಂದಿನ ಸಭೆಯಲ್ಲಿ ತೀರ್ಮಾನಿಸುತ್ತದೆ ಎಂದಳು ಲೆಕ್ಚರರ್. ಆ ಸಭೆ ಯಾವಾಗ ಎಂದು ಆವಿಯಕ್ಕ ಕೇಳಿದಳು. ಮುಂದಿನ ತಿಂಗಳ ಎರಡನೇ ಶನಿವಾರ. ಅಷ್ಟು ಹೇಳುವ ಹೊತ್ತಿಗೆ ಲೆಕ್ಚರರಿಗೇ ತನ್ನ ಮಾತು ಕಿವಿಗೆ ಬಿತ್ತೇನೋ, ದನಿ ತಗ್ಗಿತು.

"ನೀವು ಇಲ್ಲ ಅಂತೀರಿ ಅಂತ ನನಗೆ ಅನಿಸ್ತಿದೆ. ದಯವಿಟ್ಟು ಬೇಡ. ಹತ್ತೊಂಬತ್ತು ವರ್ಷದ ಹಿಂದೆ ಜಗಳ ಆದಾಗ ನಾನು ವಿದ್ಯಾರ್ಥಿ, ಬಾಗಿಲ ಹತ್ತಿರ ನಿಂತಿದ್ದೆ. ಜನ ಚಪ್ಪಲಿ ಹುಡುಕಿಕೊಂಡು ಹೊರಟಿದ್ದನ್ನ ನೋಡಿದ್ದೀನಿ. ಎಷ್ಟೋ ಮಂದಿ ಮತ್ತೆ ಬರಲೇ ಇಲ್ಲ. ನೀವು ಬೇರೆ ಮಾಡಿ ಅಂದ್ರೆ ಮಿಕ್ಕವರೂ ಬೇರೆ ಮಾಡಿ ಅಂತಾರೆ."

ಇದು ಸುಳ್ಳು ನೆಪವಲ್ಲ, ಕಂಡು ಉಂಡ ಭಯ ಎಂಬುದು ಆವಿಯಕ್ಕನಿಗೆ ತಿಳಿಯಿತು. ಚಹಾದ ಲೋಟ ತೊಳೆದಿಟ್ಟು ಬಂದಳು. ಕೈತೊಳೆಯುವ ನಲ್ಲಿಯ ಹತ್ತಿರ ನಾದಿನಿ ಕಾದಿದ್ದಳು. ಬಾಯಿಗೆ ಬೀಗವಿಲ್ಲದ ಆ ನಾದಿನಿಯೇ ಈಗ ಹಿಂಜರಿದಳು.

"ಬಿಟ್ಟುಬಿಡೋಣ ಅತ್ತಿಗೆ. ನಮ್ಮ ಪರ ಮಾತಾಡೋರು ಇಡೀ ಊರಲ್ಲಿ ಇವರೇ. ಇವರನ್ನೂ ಕೆಡಿಸಿಕೊಂಡ್ರೆ ನಮಗೆ ಇನ್ಯಾರಿದ್ದಾರೆ?"

"ಪರ ಮಾತಾಡೋರು ಇದ್ದಾರೆ. ಅದನ್ನ ನಿನ್ನೆಯಿಂದ ಕೇಳಿದ್ದೀವಿ," ಎಂದಳು ಆವಿಯಕ್ಕ. "ಪರ ನಿಲ್ಲೋರು ಎಷ್ಟು ಜನ ಅಂತ ಇವತ್ತು ನೋಡದೆ ಮನೆಗೆ ಹೋದ್ರೆ, ಬುಧವಾರ ಆ ಮೂವತ್ತಾರು ಜನಕ್ಕೆ ಏನಂತ ಹೇಳ್ತೀಯ? ಒಳಗೊಂಡಂತೆ ಇದ್ವಿ ಅಂತಲಾ?"

ನಾದಿನಿ ನಲ್ಲಿ ನಿಲ್ಲಿಸಿದಳು. ಸೆರಗಿನ ತುದಿಯಲ್ಲಿ ಕೈ ಒರೆಸಿಕೊಂಡು ಅತ್ತಿಗೆಯ ಹಿಂದೆ ಹೊರಟಳು.

ಮತದಾನ ಶಾಲೆಯ ಪ್ರಾರ್ಥನಾ ಸಭಾಂಗಣದಲ್ಲಿ. ಇನ್ನೂರಕ್ಕೂ ಮೇಲೆ ಜನ. ಅಧ್ಯಕ್ಷತೆಗೆ ನಿವೃತ್ತ ಮೇಷ್ಟ್ರೊಬ್ಬರಿದ್ದರು. ಮಾತಿನ ಸಮಯ ಮುಗಿದ ಕೂಡಲೇ ಯಾರ ಮುಖವನ್ನೂ ನೋಡದೆ ಹಿತ್ತಾಳೆಯ ಗಂಟೆ ಬಾರಿಸುತ್ತಿದ್ದುದರಿಂದ ಗಂಟೆ ಮೇಷ್ಟ್ರು ಎಂದೇ ಹೆಸರಾದವರು. ನಾಲ್ಕನೇ ಗೊತ್ತುವಳಿಗೆ ಬಂದರು. ಮಂಡಿಸಿದವರ ಪಟ್ಟಿ ಓದತೊಡಗಿದರು. ಪೌರಕಾರ್ಮಿಕರ ಪರ ಒಬ್ಬರು ಎದ್ದು ಒಪ್ಪಿಗೆ ಇದೆ ಎಂದರು. ಗ್ರಂಥಾಲಯದವರು, ಒಪ್ಪಿಗೆ ಇದೆ. ಬಸ್ ಕಂಡಕ್ಟರರ ಪರ ದಪ್ಪ ಮೀಸೆಯವರು ಅರ್ಧ ಎದ್ದು ಅರ್ಧ ಕೂತು, ಇದೆ ಇದೆ ಎಂದರು. ಎಂಟನೆಯ ಸರದಿ ಲಾಂಡ್ರಿಯದು.

"ಒಪ್ಪಿಗೆ ಇಲ್ಲ," ಎಂದಳು ಆವಿಯಕ್ಕ.

ಗಂಟೆ ಮೇಷ್ಟ್ರು ಒಂಬತ್ತನೆಯದನ್ನು ಓದಲು ಬಾಯಿ ತೆರೆದವರು ಹಾಗೇ ನಿಂತರು. ಕೇಳಿಸಿದ್ದು ಸರಿಯೇ ಎಂದು ಪಕ್ಕದವರ ಮುಖ ನೋಡಿದರು. ಆವಿಯಕ್ಕ ಇನ್ನೊಂದು ಸಲ ಹೇಳಿದಳು, ಅದೇ ದನಿಯಲ್ಲಿ. ಒಪ್ಪಿಗೆ ಇಲ್ಲ ಎಂದರೆ ಮುಂದೇನು ಮಾಡಬೇಕೆಂಬುದು ಸಭೆಯಲ್ಲಿ ಒಬ್ಬರಿಗೂ ನೆನಪಿರಲಿಲ್ಲ. ಮೇಷ್ಟ್ರು ಚೀಲದಿಂದ ನಿಯಮಾವಳಿಯ ಪುಸ್ತಕ ತೆಗೆಸಿದರು, ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದವು, ಬೆರಳಿಗೆ ಉಗುಳು ಮುಟ್ಟಿಸಿ ಬಿಡಿಸಿದರು.

ಅಷ್ಟರಲ್ಲಿ ಹಿಂದಿನ ಸಾಲಿನಿಂದ ಗಡ್ಡದವರೊಬ್ಬರು ಎದ್ದರು. ಎರಡು ದಿನದಲ್ಲಿ ಅತಿ ಹೆಚ್ಚು ಸಲ ಗಂಟೆ ಹೊಡೆಸಿಕೊಂಡವರು ಅವರೇ. "ಏನು ತಾಯಿ, ನಿಮ್ಮದೊಂದು ಲಾಂಡ್ರಿಗೋಸ್ಕರ ಇಡೀ ಚಳವಳಿ ಒಡೀಬೇಕಾ?" ಎಂದರು.

ಆವಿಯಕ್ಕ ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದು ನಿಂತಿದ್ದಳು. "ಒಡೆಯೋದಲ್ಲ ಅಣ್ಣ, ಬೇರೆ ಬೇರೆ ಮಾಡೋದು. ನಿಮ್ಮ ಅಂಗಿಯ ಕಾಲರ್ ನೋಡಿದ್ರೆ ಒಗೆಯೋ ವಿಚಾರ ನಿಮಗೆ ಯಾರೂ ಹೇಳಿಕೊಟ್ಟಿಲ್ಲ ಅಂತ ಗೊತ್ತಾಗುತ್ತೆ."

ಇಡೀ ಸಭಾಂಗಣ ನಕ್ಕಿತು. ಗಡ್ಡದವರು ಕೈಯನ್ನು ಕಾಲರಿಗೆ ಒಯ್ದು ತಕ್ಷಣ ಇಳಿಸಿದರು. ಮೇಷ್ಟ್ರಿಗೆ ನಿಯಮ ಸಿಕ್ಕಿತು. ಮಂಡಿಸಿದವರು ಒಪ್ಪದಿದ್ದಲ್ಲಿ ಗೊತ್ತುವಳಿಯನ್ನು ಪ್ರತ್ಯೇಕವಾಗಿ ಮತಕ್ಕೆ ಹಾಕತಕ್ಕದ್ದು, ಮಂಡಿಸಿದವರಿಗೆ ಐದು ನಿಮಿಷ ಕೊಡತಕ್ಕದ್ದು. ಮೇಷ್ಟ್ರು ಅದನ್ನು ಎರಡು ಸಲ ಜೋರಾಗಿ ಓದಿದರು. ಹತ್ತೊಂಬತ್ತು ವರ್ಷ ಉಪಯೋಗವಾಗದ ನಿಯಮವೊಂದು ಉಪಯೋಗಕ್ಕೆ ಬಂದದ್ದರಿಂದ ಅವರಿಗೆ ಒಳಗೊಳಗೇ ಸಂತೋಷವಾಗಿತ್ತು.

ಆವಿಯಕ್ಕ ವೇದಿಕೆ ಹತ್ತಿದಳು. ಮೈಕು ಅವಳ ಹಣೆಯ ಎತ್ತರಕ್ಕಿತ್ತು. ಅದನ್ನು ಬಗ್ಗಿಸುವ ಗೋಜಿಗೆ ಹೋಗಲಿಲ್ಲ, ಪಕ್ಕಕ್ಕೆ ಸರಿಸಿಟ್ಟಳು. ಹತ್ತು ಯಂತ್ರಗಳ ಸದ್ದಿನ ಮೇಲೆ ಮಾತಾಡಿ ಅಭ್ಯಾಸವಿದ್ದ ಗಂಟಲು.

"ನಿನ್ನೆಯಿಂದ ನೀವು ಹೇಳಿದ್ದೆಲ್ಲ ಸರಿ ಇದೆ. ನನಗೆ ಗೊತ್ತಿರೋದು ಬಟ್ಟೆ ಒಂದೇ. ನಮ್ಮಲ್ಲಿ ಹೊಸದಾಗಿ ಸೇರಿದವರು ಮೊದಲನೇ ದಿನ ಒಂದು ತಪ್ಪು ಮಾಡೇ ಮಾಡ್ತಾರೆ. ಬೇಗ ಆಗುತ್ತೆ ಅಂತ ಎಲ್ಲಾ ಒಂದೇ ಮೆಷಿನ್ನಿಗೆ ತುಂಬ್ತಾರೆ. ರಕ್ತದ ಕಲೆಗೆ ತಣ್ಣೀರು ಬೇಕು, ಬಿಸಿ ತಾಗಿದ್ರೆ ಕೂತುಬಿಡುತ್ತೆ. ಮುಲಾಮಿಗೆ ಬಿಸಿನೀರೇ ಬೇಕು. ಎಲ್ಲಾ ಒಟ್ಟಿಗೆ ಹಾಕಿದ್ರೆ ಯಾವುದಕ್ಕೂ ಭೇದಭಾವ ಮಾಡಿದ ಹಾಗಾಗಲ್ಲ, ನಿಜ. ಎಲ್ಲಾ ಒಂದೇ ಬಣ್ಣ ಬರುತ್ತೆ. ಬೂದಿ ಬಣ್ಣ."

ಆಮೇಲೆ ವಿಷಯ ಹೇಳಿದಳು. ಲಾರಿ, ಪ್ರಯೋಗ, ಬುಧವಾರದ ಮಂಡಳಿ. ತಾವು ಯಾಕೆ ಗೇಟಿನಲ್ಲಿ ನಿಲ್ಲುವಂತಿಲ್ಲ ಎಂಬುದು. ಒಂದು ಹಾಸಿಗೆಯೂ ಹಾಸುಬಟ್ಟೆಯಿಲ್ಲದೆ ಉಳಿಯುವುದಿಲ್ಲ, ಅದು ತಮ್ಮ ಜವಾಬ್ದಾರಿ, ಹಾಗಾಗಿ ರೋಗಿಗಳಿಗೆ ತೊಂದರೆ ಕೊಟ್ಟರು ಎಂದು ನಿಮ್ಮನ್ನು ಯಾರೂ ಅನ್ನುವ ಹಾಗಿಲ್ಲ ಎಂಬುದು. ಕಲ್ಲು ಹೊಡೆಯುವುದು ಬೇಡ, ಕೂಗುವುದೂ ಬೇಡ, ಬಂದು ನಿಂತರೆ ಸಾಕು ಎಂಬುದು. ಮೂರೂವರೆ ನಿಮಿಷಕ್ಕೆ ಮುಗಿಯಿತು. ಜೋರು ಚಪ್ಪಾಳೆ ಬಿತ್ತು. ಗಂಟೆ ಮೇಷ್ಟ್ರು ಪರವಾಗಿರುವವರು ಕೈ ಎತ್ತಿ ಎಂದರು, ಕೈಗಳು ಕಾಡಿನ ಹಾಗೆ ಮೇಲೆದ್ದವು.

ಆವಿಯಕ್ಕ ವೇದಿಕೆಯಿಂದ ಇಳಿಯಲಿಲ್ಲ. ನಾದಿನಿಗೆ ಸನ್ನೆ ಮಾಡಿದಳು. ಇಬ್ಬರೂ ತಮ್ಮ ಊಟದ ಡಬ್ಬಿ, ಛತ್ರಿ ಎಲ್ಲವನ್ನೂ ಕಟ್ಟಿಕೊಂಡು ಬಂದಿದ್ದ ಗಂಟಿನ ಬಟ್ಟೆಯನ್ನು ನಾದಿನಿ ಬಿಚ್ಚಿ ತಂದಳು. ಆಸ್ಪತ್ರೆಯವರು ಹರಿದದ್ದೆಂದು ತೆಗೆದುಹಾಕಿದ ಹಾಸುಬಟ್ಟೆ ಅದು, ನಡುವೆ ಸವೆದದ್ದು. ಮೇಜಿನ ಮೇಲೆ ಹರಡಿದರು. ಆವಿಯಕ್ಕ ಸೊಂಟದಿಂದ ದಪ್ಪ ಮೊನೆಯ ಪೆನ್ನು ತೆಗೆದಳು.

"ಕೈ ಎತ್ತಿದ್ದು ಸಾಕು, ಇಳಿಸಿ. ಮಂಗಳವಾರ ಬರೋರು ಇಲ್ಲಿ ಬಂದು ಹೆಸರು ಬರೀರಿ. ಇದು ವಾರ್ಡಿನ ಗುರುತು ಹಾಕೋ ಶಾಯಿ. ಕುದಿಸಿದ್ರೂ ಹೋಗಲ್ಲ, ಬ್ಲೀಚಿಗೂ ಹೋಗಲ್ಲ. ಹಾಗಾಗಿ ಸ್ವಲ್ಪ ಯೋಚನೆ ಮಾಡಿ ಬರೀರಿ. ಬರಕ್ಕಾಗದೋರು ಬರೀಬೇಡಿ, ನನಗೇನೂ ಬೇಜಾರಿಲ್ಲ."

ಚಪ್ಪಾಳೆ ತಟ್ಟಿದ ಕೈಗಳು ಮಡಿಲಿಗೆ ಬಂದವು. ಒಬ್ಬರು ಡೈರಿ ನೋಡಿದರು. ಒಬ್ಬರು ಹೆಂಡತಿಯನ್ನು ನೋಡಿದರು. ಮಂಗಳವಾರ ಎಂಬುದು ಈಗ ಮಾತಾಗಿ ಉಳಿಯದೆ ಬೆಳಿಗ್ಗೆ ನಾಲ್ಕೂವರೆಯ ಅಲಾರಮ್ಮಾಗಿ, ಕೈತಪ್ಪುವ ಮೊದಲ ಬಸ್ಸಾಗಿ, ಮುಖ ಸಿಂಡರಿಸುವ ಮೇಲಧಿಕಾರಿಯಾಗಿ ಎಲ್ಲರ ಮುಂದೆಯೂ ಬಂದು ನಿಂತಿತ್ತು. ಆವಿಯಕ್ಕ ಅವಸರಿಸಲಿಲ್ಲ. ಕಲೆ ನೆನೆಯಲು ಎಷ್ಟು ಹೊತ್ತು ಬೇಕು ಎಂಬುದು ತಿಳಿದವಳ ಹಾಗೆ ಸುಮ್ಮನೆ ಪೆನ್ನು ಹಿಡಿದು ನಿಂತಿದ್ದಳು.

ಮೊದಲು ಎದ್ದವರು ಗಂಟೆ ಮೇಷ್ಟ್ರು. ಅಧ್ಯಕ್ಷರು ಕುರ್ಚಿ ಬಿಟ್ಟೇಳಬಾರದು ಎಂದು ಯಾರೋ ಅಂದರು. ಅದಕ್ಕೂ ನಿಯಮ ಹುಡುಕಿ ಆಮೇಲೆ ಹೇಳಿ ಎಂದು ಮೇಷ್ಟ್ರು ಹೆಸರು ಬರೆದರು, ಕಾಪಿ ಪುಸ್ತಕದ ದುಂಡು ಅಕ್ಷರದಲ್ಲಿ. ನೇರಳೆ ಕನ್ನಡಕದ ಹುಡುಗಿ ಬಂದಳು. ಗ್ರಂಥಾಲಯದವರು ಬಂದರು. ಆಮೇಲೆ ಸಾಲೇ ಆಯಿತು. ಮಂಗಳವಾರ ಊರಲ್ಲಿರುವುದಿಲ್ಲ ಎಂದು ಹೇಳಲಿಕ್ಕೇ ಒಬ್ಬರು ಸಾಲಿನಲ್ಲಿ ನಿಂತು ಬಂದು ಹೇಳಿಹೋದರು.

ಲೆಕ್ಚರರ ಭಯ ಪೂರಾ ಸುಳ್ಳಾಗಲಿಲ್ಲ. ದಪ್ಪ ಮೀಸೆಯ ಕಂಡಕ್ಟರು ಎದ್ದು, ಹಾಗಾದರೆ ನಮ್ಮದನ್ನೂ ಬೇರೆ ಮಾಡಿ, ನಮ್ಮ ಡಿಪೋ ಮಾರಲು ಶುಕ್ರವಾರ ಅಳತೆ ಮಾಡಲು ಬರುತ್ತಿದ್ದಾರೆ ಎಂದರು. ಅವರ ಬೆನ್ನಿಗೇ ಇನ್ನಿಬ್ಬರು ಎದ್ದರು. ಗಡ್ಡದವರು ಇದು ಒಡಕಿನ ದಾರಿ ಎಂದು ಘೋಷಿಸಿ ಹೊರಗೆ ನಡೆದರು, ಚೀಲ ಒಳಗೇ ಉಳಿದಿದ್ದರಿಂದ ಐದು ನಿಮಿಷಕ್ಕೆ ವಾಪಸು ಬಂದು, ಬಾಗಿಲ ಬಳಿ ನಿಂತು ಉಳಿದದ್ದನ್ನು ಕೇಳಿದರು. ಲೆಕ್ಚರರ ಕಣ್ಣು ಬಾಗಿಲ ಮೇಲೆಯೇ ಇತ್ತು. ಆದರೆ ಬೇರೆ ಯಾರೂ ಹೋಗಲಿಲ್ಲ. ಹೋಗುವ ಹಾಗಿರಲಿಲ್ಲ, ಯಾಕೆಂದರೆ ಪ್ರತಿಯೊಬ್ಬರಿಗೂ ಉಳಿದವರ ಸಹಿ ಬೇಕಿತ್ತು. ಕಂಡಕ್ಟರರು ಹೆಸರು ಬರೆಸಿಕೊಳ್ಳಲು ತಮ್ಮ ಟಿಕೆಟಿನ ರಟ್ಟು ಮುಂದೆ ಇಟ್ಟ ಕೂಡಲೇ ಅದರ ಮೇಲೆ ಮೊದಲು ಹೆಸರು ಹಾಕಿದವಳು ಆವಿಯಕ್ಕ. ಪಾಳಿ ಮುಗಿಸಿಕೊಂಡು ಮಧ್ಯಾಹ್ನ ಎರಡಕ್ಕೆ ಬರುತ್ತೇವೆ, ಹತ್ತು ಜನ ಎಂದು ಪಕ್ಕದಲ್ಲಿ ಬರೆದಳು. ಸಭೆ ಎರಡು ಗಂಟೆ ತಡವಾಗಿ ಮುಗಿಯಿತು. ಎಲ್ಲ ಮುಗಿದು ಬೆಂಚು ಸರಿಪಡಿಸುವಾಗ ಲೆಕ್ಚರರ್ ಬಂದಳು, ಒಂಬತ್ತು ಗಂಟೆಗೆ ನನಗೆ ತರಗತಿ ಇದೆ, ಎಂಟೂಕಾಲಿನ ತನಕ ನಿಲ್ಲುತ್ತೇನೆ, ಹಾಗೆಂದು ಬರೆಯಬಹುದೇ ಎಂದು ಕೇಳಿದಳು.

"ಬರೀರಿ. ಇದ್ದದ್ದು ಇದ್ದ ಹಾಗೆ ಬರೆದ್ರೆ ನಮಗೂ ಲೆಕ್ಕ ಸಿಗುತ್ತೆ," ಎಂದಳು ಆವಿಯಕ್ಕ.

ಹಾಸುಬಟ್ಟೆಯ ಮೇಲೆ ಒಟ್ಟು ಐವತ್ತೇಳು ಹೆಸರಾಯಿತು.

ಮಂಗಳವಾರ ಐದಕ್ಕೆ ಮೂವತ್ತೆಂಟು ಜನರೂ ನೆಲಮಾಳಿಗೆಗೆ ಇಳಿದರು. ಅಲ್ಲಿಂದ ಹಿಂದಿನ ಗೇಟು ಕಾಣುವುದಿಲ್ಲ. ಕಾಣುವುದು ಲಾರಿ ಬಂದು ಹಿಂಬದಿ ತಾಗಿಸುವ ಕಟ್ಟೆಯೊಂದೇ. ಪ್ರಯೋಗಕ್ಕೆಂದು ಸೋಮವಾರದ ಬಟ್ಟೆಯನ್ನೂ ವಾರ್ಡುಗಳಲ್ಲೇ ತಡೆದಿಟ್ಟಿದ್ದರು. ಹಾಗಾಗಿ ಯಂತ್ರಗಳ ಹೊಟ್ಟೆ ಖಾಲಿ. ಮೇಲ್ವಿಚಾರಕರು ಇವತ್ತು ನಿಮಗೆ ಕೆಲಸವಿಲ್ಲ, ಸುಮ್ಮನೆ ಕೂತಿರಿ ಎಂದರು. ಆವಿಯಕ್ಕ ಕೂರಲಿಲ್ಲ. ಬಾಯ್ಲರ್ ಹಚ್ಚಿಸಿದಳು, ಸೋಪಿನ ಡಬ್ಬಿಗಳನ್ನು ತುಂಬಿಸಿದಳು, ತೊಟ್ಟಿಗೆ ತಣ್ಣೀರು ಬಿಟ್ಟಳು. ಲಾರಿ ಬಂದರೆ ಇದೆಲ್ಲ ದಂಡವಲ್ಲವೇ ಎಂದು ಮೇಲ್ವಿಚಾರಕರು ಕೇಳಿದಾಗ, ಬಂದರೆ ಆರಿಸುತ್ತೇನೆ ಎಂದಳು.

ಆರಾಯಿತು. ಆರೂಕಾಲಾಯಿತು.

ಗೇಟಿನಲ್ಲಿ ಏನು ನಡೆಯಿತೆಂಬುದು ಅವರಿಗೆ ಆಮೇಲೆ ತಿಳಿದದ್ದು. ಐವತ್ತೇಳರಲ್ಲಿ ನಲವತ್ತಮೂರು ಜನ ಬಂದಿದ್ದರು, ಹೆಸರು ಬರೆಯದ ಗಡ್ಡದವರೂ ಸೇರಿ ನಲವತ್ತನಾಲ್ಕು. ಕೇಳಿದ್ದಕ್ಕಿಂತ ಆರು ಕಡಿಮೆ. ಆದರೆ ಗೇಟಿನ ಅಗಲ ಹನ್ನೊಂದು ಅಡಿ, ನಾಲ್ಕು ಸಾಲಾಗಿ ನಿಂತರೂ ಜನ ಮಿಕ್ಕರು. ಲಾರಿಯವನು ಎರಡು ಸಲ ಹಾರನ್ ಹೊಡೆದ. ಮೇಷ್ಟ್ರು ಹತ್ತಿರ ಹೋಗಿ, ಒಳಗೆ ಒಗೆಯುವವರಿದ್ದಾರೆ, ನೀವು ತೊಂದರೆ ತೆಗೆದುಕೊಳ್ಳುವುದು ಬೇಡ ಎಂದು ತರಗತಿಯಲ್ಲಿ ಹೇಳುವಷ್ಟು ನಿಧಾನವಾಗಿ ಹೇಳಿದರು. ಇಬ್ಬರು ಪೊಲೀಸರು ಬಂದರು, ಯಾರೂ ಕೂಗುತ್ತಿಲ್ಲ, ಯಾರೂ ತಳ್ಳುತ್ತಿಲ್ಲ, ಆಂಬುಲೆನ್ಸು ಮುಂದಿನ ಗೇಟಿನಿಂದ ಸಲೀಸಾಗಿ ಓಡಾಡುತ್ತಿದೆ ಎಂದು ನೋಡಿಕೊಂಡು ನೆರಳಿಗೆ ಹೋಗಿ ನಿಂತರು. ಲಾರಿಯವನಿಗೆ ಎಂಟಕ್ಕೆ ಇನ್ನೊಂದು ಬಾಡಿಗೆಯಿತ್ತು. ಏಳಕ್ಕೆ ಹಿಂದೆ ತಿರುಗಿಸಿಕೊಂಡು ಹೋದ.

ನೆಲಮಾಳಿಗೆಯಲ್ಲಿ ಇದ್ಯಾವುದೂ ಕೇಳಿಸುತ್ತಿರಲಿಲ್ಲ. ಏಳೂ ಹತ್ತಕ್ಕೆ ಮೂಳೆ ವಾರ್ಡಿನ ಆಯಾ ಎರಡು ದಿನದ ಬಟ್ಟೆ ಒಟ್ಟಿದ ಗಾಡಿ ತಳ್ಳಿಕೊಂಡು ಬಂದು, ಕಟ್ಟೆಗೋ ಒಳಗೋ ಎಂದು ಕೇಳಿದಳು. ಮೇಲ್ವಿಚಾರಕರು ಫೋನು ನೋಡಿದರು, ಖಾಲಿ ಕಟ್ಟೆ ನೋಡಿದರು, ಗೋಡೆಯ ನೋಟೀಸು ನೋಡಿದರು, ಕೊನೆಗೆ ಆವಿಯಕ್ಕನ ಕಡೆ ನೋಡಿದರು. ಒಳಗೆ ಎಂದರು.

ಅವತ್ತು ಅವರು ಎರಡು ದಿನದ ಬಟ್ಟೆ ಒಂದೇ ದಿನ ಒಗೆದರು. ಎಂಟುನೂರು ಹಾಸಿಗೆಗೂ ಮಧ್ಯಾಹ್ನ ಎರಡರೊಳಗೆ ಹಾಸುಬಟ್ಟೆ ಹೋಯಿತು. ಬುಧವಾರ ಮಂಡಳಿ ಸೇರಿತು. ನೋಡಲು ವರದಿಯಿರಲಿಲ್ಲ. ಗುರುವಾರ ಹಳೆಯ ನೋಟೀಸಿನ ಮೇಲೆ ಹೊಸದು ಅಂಟಿತು. ನಾದಿನಿ ಮಡಚುವ ಮೇಜಿನ ಮೇಲೆ ಹತ್ತಿ ಎಲ್ಲರಿಗೂ ಓದಿದಳು. ಹೊರಗುತ್ತಿಗೆಯ ವಿಚಾರವನ್ನು ಆರು ತಿಂಗಳು ಮುಂದೂಡಲಾಗಿದೆ, ಅಷ್ಟರಲ್ಲಿ ಲಾಂಡ್ರಿಯ ಇಬ್ಬರು ಪ್ರತಿನಿಧಿಗಳನ್ನು ಮಾತುಕತೆಗೆ ಕರೆಯಲಾಗುವುದು. ಕೆಲವರು ನಕ್ಕರು, ಇಬ್ಬರು ಅತ್ತರು. ಆರೇ ತಿಂಗಳಾ ಎಂದು ಒಬ್ಬಳು ರಾಗ ಎಳೆದಳು.

"ಆರು ತಿಂಗಳು ಬೇಕಾದಷ್ಟಾಯ್ತು," ಎಂದಳು ಆವಿಯಕ್ಕ, ಬಿಸಿ ರೋಲರಿಗೆ ಹಾಸುಬಟ್ಟೆಯ ಅಂಚು ಕೊಡುತ್ತಾ. "ನಾಳೆ ಎರಡಕ್ಕೆ ಬಸ್ ಡಿಪೋ. ಹತ್ತು ಜನ ಅಂತ ಬರೆದು ಕೊಟ್ಟಿದ್ದೀನಿ. ನಾನು ಒಬ್ಬಳು, ಇವಳೊಬ್ಬಳು. ಇನ್ನು ಎಂಟು ಜನ ಯಾರ‍್ಯಾರು, ಈಗಲೇ ಹೇಳಿಬಿಡಿ."

ಯಂತ್ರಗಳ ಸದ್ದಿನಲ್ಲಿ ಮೊದಲು ಯಾರು ನಾನು ಎಂದರೋ ಗೊತ್ತಾಗಲಿಲ್ಲ. ಎಂಟರ ಬದಲು ಹದಿನಾಲ್ಕು ಜನ ನಾನು ಎಂದಿದ್ದರು.